ಮೂರನೇ ಸಾಲಿನ ಎಲ್ಡನ್ ಶ್ನಾರ್

ಎಲ್ಡನ್ ಶ್ನಾರ್ ವಾರವೆಲ್ಲ ಪಿಸುಗುಟ್ಟುತ್ತಿದ್ದ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಪಂದ್ಯ ಇದ್ದ ಸಂಜೆ ಮಾತ್ರ ಕಿರುಚುತ್ತಿದ್ದ.

ಪಿಸುಗುಟ್ಟುವುದು ಅವನ ಕಸುಬು. ನಮ್ಮ ಲಾಂಬರ್ಟ್ ಕ್ರೀಕಿನಲ್ಲಿ ಯಾರೇ ಸತ್ತರೂ ಶವವನ್ನು ಸಿಂಗರಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ಮಣ್ಣಿಗೆ ಸೇರಿಸುವವನು ಎಲ್ಡನ್ನೇ. ಅದಕ್ಕೂ ಮೊದಲು ಅವನ ಅಪ್ಪ ಅದೇ ಕೆಲಸ ಮಾಡುತ್ತಿದ್ದ, ಅಪ್ಪನ ಅಪ್ಪನೂ ಅದನ್ನೇ. ಕರಿ ಸೂಟು, ಕರಿ ಟೈ, ಪಾಲಿಶ್ ಹೊಡೆದ ಕರಿ ಬೂಟು. ಸತ್ತವರ ಮನೆಯವರ ಮೊಣಕೈಯನ್ನು ಎರಡೇ ಬೆರಳಲ್ಲಿ ಹಿಡಿದು, ಹತ್ತಿಯಂಥ ದನಿಯಲ್ಲಿ, "ಅವಸರ ಏನಿಲ್ಲ, ನಿಧಾನಕ್ಕೆ ಬನ್ನಿ, ನಾವಿದೀವಲ್ಲ" ಅನ್ನುತ್ತಿದ್ದ. ಆ ದನಿಯನ್ನು ಕೇಳಿ ಅಳುತ್ತಿದ್ದವರು ಸುಮ್ಮನಾಗುತ್ತಿದ್ದರು, ಸುಮ್ಮನಿದ್ದವರು ಅಳಲು ಶುರುಮಾಡುತ್ತಿದ್ದರು. ಕಸುಬು ಬಲ್ಲವನು.

ಅದೇ ಮನುಷ್ಯ ನವೆಂಬರ್ ಬಂತೆಂದರೆ ಬೇರೆಯೇ ಆಗಿಬಿಡುತ್ತಿದ್ದ. ಕಾಲೇಜಿನ ಆಟದ ಸಭಾಂಗಣದಲ್ಲಿ, ನಮ್ಮ ತಂಡದ ಬೆಂಚಿನ ಹಿಂದೆ, ಮೂರನೇ ಸಾಲಿನ ಮಧ್ಯದಲ್ಲಿ ಅವನ ಜಾಗ. ಅಲ್ಲಿ ಕೂತ ಗಳಿಗೆಯಿಂದ ಆ ಹತ್ತಿಯ ದನಿ ತಗಡಾಗುತ್ತಿತ್ತು. ನಾನು ಹಗಲು ಶಾಲೆಯ ಬಸ್ಸು ಓಡಿಸುವವನು, ಪಂದ್ಯದ ಸಂಜೆ ಅಂಕಫಲಕದ ಗುಂಡಿ ಒತ್ತುವವನು. ನನ್ನ ಮೇಜು ಅವನ ಮುಂದೆಯೇ. ಮೂವತ್ತು ವರ್ಷ ಆ ಕಿರುಚಾಟ ನನ್ನ ಕತ್ತಿನ ಮೇಲೆ ಬಿದ್ದಿದೆ, ಒಮ್ಮೊಮ್ಮೆ ಅದರ ಜೊತೆಗೆ ಬಂದ ಪಾಪ್‌ಕಾರ್ನ್ ಕೂಡ.

ಅವನ ಬಳಿ ಇದ್ದದ್ದು ನಾಲ್ಕೇ ಮಾತು. "ಕೈ ಮೇಲೆ!" "ಪಾಸ್ ಮಾಡೋ!" "ಶೂಟ್ ಮಾಡೋ!" "ಅವನ್ನ ಬಿಡಬೇಡ್ವೋ!" ಈ ನಾಲ್ಕನ್ನೇ ಹಿಂದೆ ಮುಂದೆ ಮಾಡಿ, ನಡುನಡುವೆ ಹುಡುಗರ ಹೆಸರು ಸೇರಿಸಿ, ಇಡೀ ಚಳಿಗಾಲ ಕಳೆಯುತ್ತಿದ್ದ. ಪಕ್ಕದಲ್ಲಿ ಹೆಂಡತಿ ಕ್ಲಾರಿಸ್ ಉಲ್ಲನ್ ಹೆಣೆಯುತ್ತ ಕೂತಿರುತ್ತಿದ್ದಳು. ಅವಳು ತಲೆ ಎತ್ತಿ ಆಟ ನೋಡಿದ್ದನ್ನು ಕಂಡವರಿಲ್ಲ. ಒಮ್ಮೆ ನಾನೇ ಕೇಳಿದೆ, "ಏನಮ್ಮ ಕ್ಲಾರಿಸ್, ಬೇಜಾರಾಗಲ್ವಾ?" ಅಂತ. "ಬೇಜಾರು ಯಾಕೆ? ಇಲ್ಲಿ ಕೂಗಿದ್ರೆ ಮನೇಲಿ ಕೂಗಲ್ಲ" ಅಂದಳು.

ಎಲ್ಡನ್ ಸ್ವತಃ ಯಾವತ್ತೂ ಆಡಿದವನಲ್ಲ. ನಾವಿಬ್ಬರೂ ಒಂದೇ ಶಾಲೆ. ಇಂಡಿಯಾನಾದ ಈ ದಕ್ಷಿಣ ಮೂಲೆಯಲ್ಲಿ ನಡೆಯಲು ಬರುವ ಹುಡುಗರೆಲ್ಲ ಚೆಂಡು ಹಿಡಿದವರೇ. ಆದರೆ ಅವನ ಅಪ್ಪ ಸಂಜೆಯಾದರೆ ಮಗನಿಗೆ ಸೂಟು ತೊಡಿಸಿ ಬಾಗಿಲ ಬಳಿ ನಿಲ್ಲಿಸುತ್ತಿದ್ದ, ದುಃಖಿಸಲು ಬಂದವರ ಕೋಟು ಇಸಿದುಕೊಳ್ಳಲು. ನಾವು ಬೆವರು ಸುರಿಸಿ ಬರುವಾಗ ಅವನು ಕಿಟಕಿಯಿಂದ ನೋಡುತ್ತಿದ್ದ. ಆ ನೋಟಕ್ಕೆ ಮರುಗಬೇಕೆಂದು ನನಗೂ ಕೆಲವು ಸಲ ಅನ್ನಿಸಿದ್ದುಂಟು. ಆಮೇಲೆ ಅವನು ಬಾಯಿ ತೆರೆಯುತ್ತಿದ್ದ, ಮರುಕ ಹೋಗುತ್ತಿತ್ತು.

ಬರೀ ಕೂಗಿದ್ದರೆ ಆಗುತ್ತಿತ್ತು, ಅವನು ಬರೆಯುತ್ತಲೂ ಇದ್ದ. ನಮ್ಮೂರಿನ ವಾರಪತ್ರಿಕೆಯಲ್ಲಿ 'ಮೂರನೇ ಸಾಲಿನಿಂದ' ಎಂಬ ಅಂಕಣ ಋತುವಿನುದ್ದಕ್ಕೂ ಬರುತ್ತಿತ್ತು. ಅದು ಅಚ್ಚಾಗುತ್ತಿದ್ದದ್ದು ಮರಣವಾರ್ತೆಗಳ ಎದುರು ಪುಟದಲ್ಲಿ, ಕೆಳಗೆ ಅವನದೇ ಅಂತ್ಯಸಂಸ್ಕಾರದ ಮನೆಯ ಜಾಹೀರಾತು. ಎಡಗಡೆ ಸತ್ತವರು, ಬಲಗಡೆ ಎಲ್ಡನ್ ಸಾಯಿಸುತ್ತಿರುವವರು.

ನಮ್ಮ ತಂಡದ ಹೆಸರು ಕೊಕ್ಕರೆಗಳು. ಅದರಲ್ಲಿ ಎತ್ತರದವನು ಗ್ರೇಡಿ ಲುಂಡ್‌ಕ್ವಿಸ್ಟ್, ಮಿನೆಸೋಟಾದ ಹೈನುಗಾರರ ಮಗ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವವನು, ಮಾತೂ ತಗ್ಗಿಸಿಯೇ ಆಡುವವನು. ಎಲ್ಡನ್ ಅವನಿಗೆ 'ಬೀರು' ಎಂದು ಹೆಸರಿಟ್ಟಿದ್ದ. "ಬೀರು ಈ ವಾರ ಮೂರು ಸಲ ನೆಗೆದಿದೆ. ಮೂರು ಸಲವೂ ಚೆಂಡು ಅಷ್ಟರಲ್ಲಿ ಎದುರಾಳಿಯ ಕೈ ಸೇರಿ, ಅವನು ಮನೆಗೆ ಹೋಗಿ ಊಟ ಮುಗಿಸಿದ್ದ" ಎಂದು ಬರೆದಿದ್ದ. ಇಂಡಿಯಾನಾಪೊಲಿಸ್‌ನಿಂದ ಬಂದ ಚುರುಕು ಹುಡುಗ ಮಾರ್ಕೆಲ್ ಟಿಬ್ಸ್ ಚೆಂಡು ತಟ್ಟಿಕೊಂಡು ಸುತ್ತುವವನು. ಅವನು 'ಬುಗುರಿ': "ಸುತ್ತುವುದನ್ನು ನೋಡಲು ಚೆಂದ, ಆದರೆ ಬುಗುರಿಯಿಂದ ಯಾರೂ ಎಲ್ಲಿಗೂ ಹೋಗಿ ತಲುಪಿಲ್ಲ." ನಮ್ಮೂರ ಹಲ್ಲಿನ ಡಾಕ್ಟರು ಹೆಡಿನ್ಸ್ ಅವರ ಮಗ ಕೋಲ್ಬಿ ಚೆಂಡು ಸಿಕ್ಕರೆ ಯಾರಿಗೂ ಕೊಡದವನು. ಅವನು 'ಅಂಚೆಡಬ್ಬಿ', ಒಳಗೆ ಹಾಕಿದ್ದು ವಾಪಸ್ ಬರುವುದಿಲ್ಲವಲ್ಲ.

ಟೀವಿಯಲ್ಲಿ ಬರುವ ದೊಡ್ಡ ಕಾಲೇಜುಗಳನ್ನೂ ಬಿಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಡಾಟಿಯ ಹೋಟೆಲಿನಲ್ಲಿ ಬನ್ನಿನಂಥ ಮೆತ್ತನೆ ಬಿಸ್ಕತ್ತಿನ ಮೇಲೆ ಬಿಳಿ ಗ್ರೇವಿ ಸುರಿದುಕೊಂಡು ತೀರ್ಪು ಕೊಡುತ್ತಿದ್ದ. "ಈಗಿನ ಹುಡುಗ್ರು ಏನ್ರೋ, ವರ್ಷಕ್ಕೊಂದು ಕಾಲೇಜು ಬದಲಾಯಿಸ್ತಾರೆ. ಒಗೆದು ಹಾಕಿದ ಅಂಗಿ ಒಣಗೋದ್ರೊಳಗೆ ಬೇರೆ ಬಣ್ಣದ ಅಂಗಿ! ಆ ಉತ್ತರದ ತಂಡ ನೋಡಿ. ಡಿಫೆನ್ಸ್ ಅಂತೆ ಡಿಫೆನ್ಸ್. ಬಾಗಿಲು ತೆಗೆದಿಟ್ಟು ಊರಿಗೆ ಹೋದ ಮನೆ ಇದ್ದ ಹಾಗಿದೆ."

ಊರೆಲ್ಲ ನಗುತ್ತಿತ್ತು. ಪತ್ರಿಕೆ ಕೈಗೆ ಬಂದರೆ ಮೊದಲು ಯಾರು ಸತ್ತರು ನೋಡುತ್ತಿದ್ದೆವು, ಆಮೇಲೆ ಎಲ್ಡನ್ ಯಾರಿಗೆ ಏನಂದ ನೋಡುತ್ತಿದ್ದೆವು. ಅವನಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಎಲ್ಲರೂ ಅವನ ಕೈಗೇ ಬೀಳಬೇಕಾದವರು. ಅರ್ಧ ಊರು ಮುಂಚಿತವಾಗಿಯೇ ಅವನಲ್ಲಿ ಪೆಟ್ಟಿಗೆಯ ಮರ, ಒಳಗಿನ ರೇಷ್ಮೆಯ ಬಣ್ಣ ಎಲ್ಲ ಆರಿಸಿಟ್ಟಿತ್ತು. ಅಂಥವನ ಹತ್ತಿರ ಜಗಳ ಆಡಿದರೆ ಸತ್ತ ದಿನ ಹೆಣದ ಬಾಯಿ ಮುಚ್ಚಿ ಹೊಲಿಯುವಾಗ ಯಾವ ಕಡೆ ಸೊಟ್ಟ ಮಾಡುತ್ತಾನೋ ಯಾರಿಗೆ ಗೊತ್ತು.

ಹೋದ ಜನವರಿಯಲ್ಲಿ ಸಭಾಂಗಣದ ಮಾಡು ಸೋರಲು ಶುರುವಾಯಿತು. ಸರಿಯಾಗಿ ಫ್ರೀ ಥ್ರೋ ಗೆರೆಯ ಮೇಲೆ ಹನಿ. ಹುಡುಗ ಚೆಂಡು ಗುರಿಯಿಟ್ಟು ನಿಂತರೆ ತಲೆ ಮೇಲೆ ಟಪ್ ಅಂತ ಬೀಳುತ್ತಿತ್ತು. "ದೇವರೇ ಡಿಫೆನ್ಸ್ ಆಡ್ತಿದಾನೆ" ಎಂದು ಎಲ್ಡನ್ ಬರೆದ. ಮಾಡು ರಿಪೇರಿಗೆಂದು ಕಾಲೇಜಿನವರು ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಭೋಜನಕೂಟ ಇಟ್ಟರು, ಮಾಂಸ, ಕಾಳು ಹಾಕಿ ಬೇಯಿಸಿದ ಚಿಲ್ಲಿ ಎಂಬ ಗಟ್ಟಿ ಸಾರು, ಸಕ್ಕರೆ ಕೆನೆಯ ಪೈ, ಊಟದ ನಡುವೆ ಹರಾಜು. ಒಬ್ಬರು ಹೆಣೆದ ಕೌದಿ ಕೊಟ್ಟರು, ಒಬ್ಬರು ಅರ್ಧ ಹಂದಿ ಕೊಟ್ಟರು. ತಂಡದ ಕೋಚ್ ಪ್ರೂಯಿಟ್ ಕೊಡಲು ಏನೂ ತೋಚದೆ, "ಒಂದು ಸ್ನೇಹಪಂದ್ಯಕ್ಕೆ ನನ್ನ ಬದಲು ನೀವೇ ಕೋಚ್ ಆಗಿ" ಎಂಬ ಅವಕಾಶವನ್ನು ಹರಾಜಿಗೆ ಇಟ್ಟ. ಪಾದ್ರಿಗಳಾಗಲು ಓದುವ ಹುಡುಗರ ಸೆಮಿನರಿಯ ತಂಡದ ಜೊತೆ ಪಂದ್ಯ, ಋತುವಿನ ಲೆಕ್ಕಕ್ಕೆ ಬರುವುದಿಲ್ಲ. ಯಾರೋ ಮೊಮ್ಮಗುವಿಗೆ ಕೊಡಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ ಅಂದುಕೊಂಡಿದ್ದ ಪಾಪ.

ಆಗ ಕ್ಷೌರಿಕ ವಿಲ್ಬರ್ ನನ್ನ ಪಕ್ಕಕ್ಕೆ ಬಗ್ಗಿ ಹೇಳಿದ, "ಎಲ್ಲಾ ಸೇರಿ ಹಾಕೋಣ. ಎಲ್ಡನ್‌ಗೆ ಕೊಡ್ಸೋಣ."

"ಯಾಕೋ?"

"ಮೂವತ್ತು ವರ್ಷದಿಂದ ಹೇಳ್ತಿದಾನಲ್ಲ. ಒಂದ್ಸಲ ಮಾಡಿ ತೋರಿಸ್ಲಿ. ನೋಡೋ ಆಸೆ ಇಲ್ವಾ ನಿಂಗೆ?"

ಇತ್ತು. ಡಾಕ್ಟರ್ ಹೆಡಿನ್ಸ್‌ಗೆ ನನಗಿಂತ ಹೆಚ್ಚಿತ್ತು, ಮಗ ಅಂಚೆಡಬ್ಬಿ ಆಗಿದ್ದು ಅವರಿಗೆ ಇನ್ನೂ ಜೀರ್ಣವಾಗಿರಲಿಲ್ಲ. ವಿಲ್ಬರ್‌ನ ಟೋಪಿ ದುಡ್ಡು ತುಂಬಿಕೊಳ್ಳುತ್ತ ಮೇಜಿನಿಂದ ಮೇಜಿಗೆ ಹೋಯಿತು. ಹರಾಜು ಕೂಗುವವನು ಎಲ್ಡನ್‌ನ ಹೆಸರು ಹೇಳಿದಾಗ ಊರೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಎಲ್ಡನ್‌ನ ಕಣ್ಣಲ್ಲಿ ನೀರು. ಕರವಸ್ತ್ರ ತೆಗೆದು ಒರೆಸಿಕೊಂಡು, "ಊರು ನನ್ನನ್ನ ಇಷ್ಟು ಗೌರವದಿಂದ ಕಾಣುತ್ತೆ ಅಂತ ಗೊತ್ತಿರ್ಲಿಲ್ಲ" ಅಂದ. ಕ್ಲಾರಿಸ್ ಮಾತ್ರ ಪೈ ತಿನ್ನುವುದನ್ನು ನಿಲ್ಲಿಸಿ ನಮ್ಮ ಮೇಜಿನ ಕಡೆ ಒಂದು ಸಲ ದಿಟ್ಟಿಸಿ ನೋಡಿದಳು. ನಾನು ಚಿಲ್ಲಿ ಬಟ್ಟಲಿಗೆ ತಲೆ ಬಗ್ಗಿಸಿದೆ.

ಪಂದ್ಯಕ್ಕೆ ಮುಂಚೆ ಒಂದು ಸಂಜೆ ಹುಡುಗರಿಗೆ ಅಭ್ಯಾಸ ಮಾಡಿಸಲು ಬಂದ. ಅಂಕಫಲಕದ ವೈರು ಕೆಟ್ಟಿತ್ತೆಂದು ನಾನೂ ಅಲ್ಲಿದ್ದೆ. ಮೂರನೇ ಸಾಲಿನಲ್ಲಿ ಸಿಂಹ, ಹುಡುಗರ ಎದುರು ನಿಂತ ಕೂಡಲೇ ಏನಾಯಿತೋ, ಕಸುಬಿನ ದನಿ ತಾನಾಗಿ ಬಂದುಬಿಟ್ಟಿತು. ಮೈಮೇಲೆ ಅದೇ ಕರಿ ಸೂಟು, ಬೇರೆ ಬಣ್ಣದ ಸೂಟು ಅವನ ಹತ್ತಿರ ಇರಲಿಲ್ಲ. ಟಿಬ್ಸ್‌ನ ಮೊಣಕೈಯನ್ನು ಎರಡು ಬೆರಳಲ್ಲಿ ಹಿಡಿದು, "ಈ ಕಷ್ಟದ ಹೊತ್ತಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಆಸರೆಯಾಗಿರೋಣ" ಎಂದು ಪಿಸುಗುಟ್ಟಿದ.

ಟಿಬ್ಸ್ ಹಿಂದೆ ಮುಂದೆ ನೋಡಿ, "ಯಾರು ಹೋದ್ರು ಸರ್?" ಅಂದ.

ಹುಡುಗರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಎಲ್ಡನ್ ಗಂಟಲು ಸರಿಮಾಡಿಕೊಂಡು ಕರಿಹಲಗೆಯ ಮೇಲೆ ಬಾಣಗಳನ್ನು ಬರೆದ. ಬರೆದು ನಿಂತು ನೋಡಿದ. ಒಂದು ಬಾಣ ಹೊರಗಿನ ಪಾರ್ಕಿಂಗ್ ಕಡೆಗೆ ಹೋಗಿತ್ತು. ಅದನ್ನು ಅಳಿಸಿ, "ಮುಖ್ಯ ಏನಂದ್ರೆ, ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಬೇಕು. ಇಷ್ಟು ವರ್ಷ ನಿಮ್ಮಂಥವರು ಮಾಡದೇ ಇರೋದು ಅದೊಂದೇ" ಅಂದು ಹೊರಟ.

ಅವನು ಹೋದ ಮೇಲೆ ಟಿಬ್ಸ್ ಚೆಂಡಿನ ಮೇಲೆ ಕೂತುಕೊಂಡ. "ಕೇಳಿದ್ರಾ? ಹೇಳಿದ ಹಾಗೇ ಮಾಡ್ಬೇಕಂತೆ."

"ಅಂದ್ರೆ?" ಕೋಲ್ಬಿ ಕೇಳಿದ.

"ಅಂದ್ರೆ ಹೇಳಿದ ಹಾಗೇ ಮಾಡೋದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ."

ಲುಂಡ್‌ಕ್ವಿಸ್ಟ್ ಯೋಚಿಸಿ ಹೇಳಿದ, "ಪಾಪ ಅಲ್ವಾ, ವಯಸ್ಸಾದವ್ರು."

"ನಿನ್ನ ಬೀರು ಅಂದಾಗ ಪಾಪ ಅನ್ನಿಸ್ತಾ ಅವರಿಗೆ?"

ಲುಂಡ್‌ಕ್ವಿಸ್ಟ್ ಅದನ್ನೂ ಯೋಚಿಸಿದ. "ಅದ್ರಲ್ಲಿ ಸ್ವಲ್ಪ ನಿಜ ಇದೆ ಕಣೋ" ಅಂದ. ಆದರೂ ಒಪ್ಪಿಕೊಂಡ.

ಪಂದ್ಯದ ಸಂಜೆ ಸಭಾಂಗಣ ತುಂಬಿ ಮೆಟ್ಟಿಲಲ್ಲೂ ಜನ. ಋತುವಿನ ದೊಡ್ಡ ಪಂದ್ಯಕ್ಕೂ ಅಷ್ಟು ಜನ ಬಂದದ್ದಿಲ್ಲ. ಸೆಮಿನರಿಯ ಹುಡುಗರು ಸಾಲಾಗಿ ಬಂದು, ಶಿಲುಬೆ ಗುರುತು ಮಾಡಿಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿದರು. ಇಬ್ಬರಿಗೆ ಕನ್ನಡಕ, ಒಬ್ಬನಿಗೆ ಹೊಟ್ಟೆ. ಅವರಿಗೆ ಸ್ವಂತ ಆಟದ ಅಂಗಳವೂ ಇರಲಿಲ್ಲ, ಚರ್ಚಿನ ಸಭಾಭವನದಲ್ಲಿ ಕುರ್ಚಿ ಸರಿಸಿ ಆಡುವವರು. ಮೂರನೇ ಸಾಲಿನಲ್ಲಿ ಎಲ್ಡನ್‌ನ ಜಾಗದಲ್ಲಿ ವಿಲ್ಬರ್ ಕೂತಿದ್ದ. ಎಲ್ಡನ್ ಬೆಂಚಿನಲ್ಲಿ, ಬೆನ್ನು ನೆಟ್ಟಗೆ, ಟೈ ಸರಿಮಾಡಿಕೊಳ್ಳುತ್ತ.

ಚೆಂಡು ಮೇಲೆದ್ದ ಕೂಡಲೇ ಪಿಸುದನಿ ಹೋಗಿ ಹಳೆಯ ಗಂಟಲು ಬಂತು. "ಕೈ ಮೇಲೆ, ಲುಂಡ್‌ಕ್ವಿಸ್ಟ್! ಕೈ ಮೇಲೆ!"

ಲುಂಡ್‌ಕ್ವಿಸ್ಟ್ ಕೈ ಎತ್ತಿದ. ಎತ್ತಿದ ಕೈ ಇಳಿಸಲಿಲ್ಲ. ಕೈ ಎತ್ತಿಕೊಂಡೇ ಈ ತುದಿಯಿಂದ ಆ ತುದಿಗೆ ಓಡಿದ, ಪೊಲೀಸರಿಗೆ ಶರಣಾದವನ ಹಾಗೆ. ಟಿಬ್ಸ್ ಅವನಿಗೆ ಚೆಂಡು ಎಸೆದ, ಅದು ಎದೆಗೆ ಬಡಿದು ಸೆಮಿನರಿಯವರ ಕೈ ಸೇರಿತು. ಜನ ಹೋ ಎಂದರು.

"ಪಾಸ್ ಮಾಡೋ, ಕೋಲ್ಬಿ!"

ಜೀವಮಾನದಲ್ಲಿ ಪಾಸ್ ಮಾಡದ ಕೋಲ್ಬಿ ಬುಟ್ಟಿಯ ಕೆಳಗೆ ಒಬ್ಬನೇ ನಿಂತಿದ್ದವನು, ಕೈ ಚಾಚಿದರೆ ಅಂಕ, ಚೆಂಡನ್ನು ಹಿಂದಕ್ಕೆ ಟಿಬ್ಸ್‌ಗೆ ಎಸೆದ. ಟಿಬ್ಸ್ ಮತ್ತೆ ಅವನಿಗೆ ಕೊಟ್ಟ. ಎಲ್ಡನ್ ಬೇರೆ ಏನೂ ಹೇಳಿರಲಿಲ್ಲವಾದ್ದರಿಂದ ಕೋಲ್ಬಿ ಮತ್ತೆ ಹಿಂದಕ್ಕೆ ಕೊಟ್ಟ. ಹೀಗೆ ಇಬ್ಬರೂ ಬುಟ್ಟಿಗೆ ಎಸೆಯಬೇಕಾದ ಹೊತ್ತು ಮೀರುವವರೆಗೆ ಆಡಿದರು, ರೆಫರಿ ಸೀಟಿ ಊದಿದ.

"ಶೂಟ್ ಮಾಡೋ! ಚೆಂಡು ಸಿಕ್ಕಿದ್ರೆ ಶೂಟ್ ಮಾಡ್ರೋ!"

ಮುಂದಿನ ಚೆಂಡು ಲುಂಡ್‌ಕ್ವಿಸ್ಟ್‌ಗೆ ನಮ್ಮದೇ ಬುಟ್ಟಿಯ ಕೆಳಗೆ ಸಿಕ್ಕಿತು. ಅಲ್ಲಿಂದಲೇ ಅಂಗಳದ ಆ ತುದಿಗೆ ಗುರಿಯಿಟ್ಟು ಬೀಸಿದ. ಅದು ಬ್ಯಾಂಡ್ ವಾದ್ಯದವರ ದೊಡ್ಡ ತುತ್ತೂರಿಯ ಬಾಯಲ್ಲಿ ಬಿತ್ತು. ಊದುತ್ತಿದ್ದ ಹುಡುಗಿ ಉಸಿರು ಕಟ್ಟಿ ಕೆಮ್ಮಿದಳು.

"ಟಿಬ್ಸ್! ಆ ಕನ್ನಡಕದವನ್ನ ಬಿಡಬೇಡ್ವೋ! ಎಲ್ಲಿ ಹೋದ್ರೂ ಬಿಡಬೇಡ!"

ಟಿಬ್ಸ್ ಬಿಡಲಿಲ್ಲ. ಸೆಮಿನರಿಯವರು ಟೈಮ್‌ಔಟ್ ಕೇಳಿ ತಮ್ಮ ಬೆಂಚಿಗೆ ಹೋದಾಗ ಟಿಬ್ಸ್ ಕನ್ನಡಕದವನ ಜೊತೆಗೇ ಹೋಗಿ ಪಕ್ಕದಲ್ಲಿ ಕೂತ. ಅವರ ಕೋಚ್ ಆಗಿದ್ದ ಫಾದರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ತಾನೂ ಊರಿದ.

ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಎಲ್ಡನ್‌ಗೆ ಮೊದಲು ಅರ್ಥವಾಗಲಿಲ್ಲ. ಒಂದೆರಡು ಸಲ ಹಿಂದೆ ತಿರುಗಿ ತಾನೂ ನಕ್ಕ, ಹುಡುಗರ ದಡ್ಡತನಕ್ಕೆ ಊರು ನಗುತ್ತಿದೆ ಅಂದುಕೊಂಡು. ಆಗ ಮೂರನೇ ಸಾಲಿನಿಂದ ವಿಲ್ಬರ್ ಎದ್ದು ಕೂಗಿದ:

"ಎಲ್ಡನ್! ಕೈ ಮೇಲೆ!"

ಇಡೀ ಸಾಲು ಹಿಡಿದುಕೊಂಡಿತು. "ಪಾಸ್ ಮಾಡೋ, ಎಲ್ಡನ್! ಕಣ್ಣಿದೆಯೇನೋ, ಎಲ್ಡನ್! ಹೆಣಾನೂ ಇದಕ್ಕಿಂತ ಜೋರಾಗಿ ಓಡುತ್ತೆ!" ಡಾಕ್ಟರ್ ಹೆಡಿನ್ಸ್ ಕೂಗಿ ಕೂಗಿ ಕೆಂಪಾಗಿದ್ದರು, ಇಂಥ ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಕ್ಕಿಲ್ಲ. ನಾನು ಗುಂಡಿ ಒತ್ತುತ್ತ ಕೂತಿದ್ದೆ. ನನ್ನ ಮೇಜಿನಿಂದ ಎಲ್ಡನ್‌ನ ಮುಖ ಚೆನ್ನಾಗಿ ಕಾಣುತ್ತಿತ್ತು. ನಗು ಅಲ್ಲೇ ಇತ್ತು, ತೆಗೆಯುವುದನ್ನು ಮರೆತ ಹಾಗೆ. ಕ್ಲಾರಿಸ್ ಹೆಣಿಗೆಯನ್ನು ತೊಡೆಯ ಮೇಲಿಟ್ಟು ಆಟ ನೋಡುತ್ತಿದ್ದಳು.

ಅರ್ಧ ಸಮಯದ ಹೊತ್ತಿಗೆ ಸೆಮಿನರಿಯವರು ಇಪ್ಪತ್ತಕ್ಕೂ ಹೆಚ್ಚು ಅಂಕ ಮುಂದಿದ್ದರು. ಬಟ್ಟೆ ಬದಲಿಸುವ ಕೋಣೆಯೊಳಗೆ ಏನಾಯಿತೆಂದು ಆಮೇಲೆ ಟಿಬ್ಸ್ ನನಗೆ ಹೇಳಿದ. ಎಲ್ಡನ್ ಬಾಗಿಲು ಮುಚ್ಚಿ ಬೆನ್ನು ಕೊಟ್ಟು ನಿಂತನಂತೆ.

"ಬೇಕು ಅಂತಲೇ ಮಾಡ್ತಿದೀರ ನೀವು."

"ನೀವು ಹೇಳಿದ್ದನ್ನೇ ಮಾಡ್ತಿದೀವಿ ಸರ್" ಅಂದ ಟಿಬ್ಸ್. "ಇನ್ನೇನಾದ್ರೂ ಹೇಳಿ, ಅದನ್ನೂ ಮಾಡ್ತೀವಿ."

ಎಲ್ಡನ್ ಬಾಯಿ ತೆರೆದ. ಹುಡುಗರು ಕಾದರು. ಬಾಯಿ ತೆರೆದೇ ಇತ್ತು. "ಅಣ್ಣಾ, ನಾನು ನಗಬೇಕು ಅಂತಲೇ ಕಾಯ್ತಿದ್ದೆ" ಎಂದು ಟಿಬ್ಸ್ ನನ್ನ ಹತ್ತಿರ ಹೇಳಿದ. "ಆದ್ರೆ ಅವರ ಹತ್ರ ಐದನೇ ಮಾತೇ ಇರ್ಲಿಲ್ಲ. ಹುಡುಕ್ತಿದ್ರು, ಸಿಗ್ತಿರ್ಲಿಲ್ಲ. ಆಗ ನಗು ಬರ್ಲಿಲ್ಲ."

ಲುಂಡ್‌ಕ್ವಿಸ್ಟ್ ಎದ್ದು, ತಲೆ ತಗ್ಗಿಸಿ, ಎಲ್ಡನ್‌ನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದನಂತೆ. "ನೀವು ಕೂತ್ಕೊಳ್ಳಿ ಸರ್. ಇನ್ನರ್ಧ ನಾವು ನೋಡ್ಕೋತೀವಿ."

ಎರಡನೇ ಅರ್ಧ ಹುಡುಗರು ತಮ್ಮ ಆಟ ಆಡಿದರು. ಎಲ್ಡನ್ ಕೈ ಕಟ್ಟಿಕೊಂಡು ಕೂತಿದ್ದ. ಅಂತರ ಕರಗುತ್ತ ಬಂತು. ಅದರ ಜೊತೆಗೆ ಜನರ ನಗುವೂ ಕರಗಿತು, ಗೆಲ್ಲಲೂಬಹುದು ಎನ್ನಿಸಿದ ಮೇಲೆ ಯಾರಿಗೂ ತಮಾಷೆ ಬೇಕಿರಲಿಲ್ಲ. ಆದರೆ ಆ ಹೊಟ್ಟೆಯ ಹುಡುಗ ದೂರದಿಂದ ಎಸೆದದ್ದೆಲ್ಲ ಬುಟ್ಟಿಗೇ ಬೀಳುತ್ತಿತ್ತು, ಪ್ರತಿ ಸಲವೂ ಕ್ಷಮೆ ಕೇಳುವವನ ಹಾಗೆ ಮುಖ ಮಾಡುತ್ತಿದ್ದ. ನಾವು ಎರಡು ಅಂಕದಿಂದ ಸೋತೆವು.

ಸಭಾಂಗಣ ತಣ್ಣಗಾಯಿತು. ಕುರ್ಚಿ ಸರಿಸಿ ಆಡುವವರ ಕೈಲಿ, ನಾಳಿನ ಪಾದ್ರಿಗಳ ಕೈಲಿ ಸೋತೆವು! ವಿಲ್ಬರ್ ಮೆಟ್ಟಿಲಿಳಿಯುತ್ತ, "ಎಲ್ಲಾ ಈ ಎಲ್ಡನ್‌ನಿಂದ. ಕೋಚ್ ಮಾಡೋ ಯೋಗ್ಯತೆ ಇಲ್ದೋರು ಯಾಕೆ ಒಪ್ಕೋಬೇಕು?" ಎಂದು ಗೊಣಗಿದ. ಟೋಪಿ ತಿರುಗಿಸಿದವನು ಅವನೇ ಎಂದು ನೆನಪಿಸಲು ನಾನು ಬಾಯಿ ತೆರೆದೆ. ಮುಂದಿನ ವಾರ ಅವನಲ್ಲಿ ಕ್ಷೌರ ಮಾಡಿಸಿಕೊಳ್ಳಬೇಕಿತ್ತು, ಮುಚ್ಚಿದೆ.

ಆ ವಾರ ಅಂಕಣ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಎಲ್ಡನ್ ಪಂದ್ಯಕ್ಕೂ ಬರಲಿಲ್ಲ. ಮೂರನೇ ಸಾಲಿನಲ್ಲಿ ವಿಲ್ಬರ್ ಕೂತು ಕೂಗಲು ನೋಡಿದ. "ಚೆನ್ನಾಗಿ ಆಡ್ರಪ್ಪಾ!" ಅನ್ನುವುದರ ಆಚೆಗೆ ಅವನಿಗೆ ಏನೂ ಹೊಳೆಯಲಿಲ್ಲ. ಡಾಟಿಯ ಹೋಟೆಲಿನಲ್ಲಿ ಸೋಮವಾರ ಎಲ್ಲರೂ ಗ್ರೇವಿ ತಿಂದು ಮುಖ ಮುಖ ನೋಡಿಕೊಂಡು ಎದ್ದು ಹೋದರು. ಆಟ ನೋಡಿದ್ದೆವು, ಆದರೆ ನೋಡಿದ್ದರ ಬಗ್ಗೆ ಏನು ಅಂದುಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಪತ್ರಿಕೆ ನಡೆಸುವ ನ್ಯಾನ್ ಕೊನೆಗೆ ಅವನ ಮನೆಗೇ ಹೋಗಿ, "ಏನಾದ್ರೂ ಬರೀರಿ ಎಲ್ಡನ್, ಆ ಜಾಗದಲ್ಲಿ ಗೊಬ್ಬರದ ಜಾಹೀರಾತು ಹಾಕಿ ಹಾಕಿ ಸಾಕಾಗಿದೆ" ಎಂದು ಕೇಳಿಕೊಂಡಳು. ಬರೆದ.

ಮೊದಲ ಅರ್ಧ ತನ್ನ ಬಗ್ಗೆಯೇ. "ಈ ಋತುವಿನಲ್ಲಿ ನಾನು ಕಂಡ ಕೋಚ್‌ಗಳಲ್ಲಿ ಶ್ನಾರ್ ಎಂಬವನಷ್ಟು ಕೆಟ್ಟವನು ಇನ್ನೊಬ್ಬನಿಲ್ಲ. ಆಟದ ಬಗ್ಗೆ ಅವನಿಗೆ ಗೊತ್ತಿರುವುದನ್ನು ಒಂದು ಅಂಚೆಚೀಟಿಯ ಹಿಂಭಾಗದಲ್ಲಿ ಬರೆದರೂ ಅಂಟು ಹಚ್ಚಲು ಜಾಗ ಉಳಿಯುತ್ತದೆ. ಅಂಗಳದಲ್ಲಿ ನಿಂತಾಗ ಅವನನ್ನು ನೋಡಿ, ಅವನ ಗ್ರಾಹಕರೇ ಹೆಚ್ಚು ಲವಲವಿಕೆಯಿಂದ ಇದ್ದಾರಲ್ಲ ಅನ್ನಿಸಿತು." ಊರು ಓದಿ ನಕ್ಕು ಮೆಚ್ಚಿತು. ಡಾಟಿಯ ಹೋಟೆಲಿನಲ್ಲಿ ಯಾರೋ ಗಟ್ಟಿಯಾಗಿ ಓದಿದರು. "ಮನುಷ್ಯ ಅಂದ್ರೆ ಇವನಪ್ಪ" ಅಂದ ವಿಲ್ಬರ್.

ಆಮೇಲೆ ಎರಡನೇ ಅರ್ಧ ಬಂತು. ಅದು ಮೂರನೇ ಸಾಲಿನ ಬಗ್ಗೆ.

"ಬೆಂಚಿನಲ್ಲಿ ಕೂತಾಗ ಮೊದಲ ಸಲ ಹಿಂದೆ ತಿರುಗಿ ನಮ್ಮ ಸಾಲನ್ನು ನೋಡಿದೆ. ಅಲ್ಲೊಬ್ಬ ಕ್ಷೌರಿಕನಿದ್ದಾನೆ, ಮೂವತ್ತು ವರ್ಷದಿಂದ ನನ್ನ ಮಾತನ್ನೇ ಮರುದಿನ ತನ್ನ ಅಂಗಡಿಯಲ್ಲಿ ಮಾರುತ್ತಾನೆ, ಕೂದಲಿಗಿಂತ ಚೆನ್ನಾಗಿ ಕತ್ತರಿಸಿ. ಒಬ್ಬ ಹಲ್ಲಿನ ಡಾಕ್ಟರಿದ್ದಾರೆ, ಮಗ ಚೆಂಡು ಬಿಟ್ಟುಕೊಡದಿರುವುದನ್ನು ಎಲ್ಲಿ ಕಲಿತ ಎಂದು ಅವರ ಬಿಲ್ಲು ನೋಡಿದವರಿಗೆ ಗೊತ್ತು. ಸಾಲಿನ ಮುಂದಿನ ಮೇಜಿನಲ್ಲಿ ಅಂಕಫಲಕ ನೋಡುವ ಬಸ್ ಡ್ರೈವರ್ ಒಬ್ಬನಿದ್ದಾನೆ, ಎಲ್ಲ ಕಂಡರೂ ಏನೂ ಹೇಳದವನು, ಅದನ್ನು ಒಳ್ಳೆಯತನ ಅಂದುಕೊಂಡಿದ್ದಾನೆ."

ಹೋಟೆಲಿನಲ್ಲಿ ಓದುತ್ತಿದ್ದವನ ದನಿ ಸಣ್ಣಗಾಗುತ್ತ ಹೋಗಿ ನಿಂತಿತು. ನನಗೆ ಮೈ ಉರಿಯಿತು. ಎಲ್ಲರಿಗೂ ಉರಿಯಿತು. ಪತ್ರಿಕೆಗೆ ಫೋನಿನ ಮೇಲೆ ಫೋನು. "ಇದೇನ್ರೀ ಸಂಸ್ಕಾರ? ಮನುಷ್ಯರ ಬಗ್ಗೆ ಹೀಗೆಲ್ಲ ಬರೀಬಹುದಾ?" ಎಂದು ಡಾಕ್ಟರು ಕೇಳಿದರು. ವಿಲ್ಬರ್ ತಾನು ಆರಿಸಿಟ್ಟಿದ್ದ ಓಕ್ ಮರದ ಪೆಟ್ಟಿಗೆ ಬೇಡವೆಂದು ಹೇಳಿ, ಪಕ್ಕದೂರಿನ ಅಂತ್ಯಸಂಸ್ಕಾರದವನ ಹತ್ತಿರ ಹೋದ. ಮೂವತ್ತು ವರ್ಷ ಹತ್ತೊಂಬತ್ತು ಇಪ್ಪತ್ತರ ವಯಸ್ಸಿನ ಹುಡುಗರನ್ನು, ಮನೆ ಬಿಟ್ಟು ಬಂದವರನ್ನು, ವಾರ ವಾರ ಸುಲಿದು ಅಚ್ಚು ಹಾಕಿದಾಗ ಒಂದೇ ಒಂದು ಫೋನು ಹೋಗಿರಲಿಲ್ಲ ಎಂದು ನ್ಯಾನ್ ನನಗೆ ಹೇಳಿದಳು. ಹೇಳಿ, ಅಂಕಣವನ್ನು ನಿಲ್ಲಿಸಿದಳು. ಫೋನು ಮಾಡಿದವರಲ್ಲಿ ನಾನಿದ್ದೆನೇ ಎಂದು ಕೇಳಬೇಡಿ.

ಈಗ ಅಂಕಣವನ್ನು ಡಾಕ್ಟರ್ ಹೆಡಿನ್ಸ್ ಬರೆಯುತ್ತಾರೆ. ಎಲ್ಲ ಹುಡುಗರೂ ಬೆವರು ಸುರಿಸಿದರು, ಎಲ್ಲರೂ ಮನಸ್ಸಿಟ್ಟು ಆಡಿದರು, ಕೋಲ್ಬಿ ವಿಶೇಷವಾಗಿ. ಓದುವವರು ಮರಣವಾರ್ತೆ ಮುಗಿಸಿ ಪುಟ ಮಗುಚುತ್ತಾರೆ.

ಎಲ್ಡನ್ ಮತ್ತೆ ಸಭಾಂಗಣಕ್ಕೆ ಬಂದದ್ದು ಮಾರ್ಚ್ ಹತ್ತಿರವಾದಾಗ, ನಮ್ಮ ಅಂಗಳದ ಕೊನೆಯ ಪಂದ್ಯಕ್ಕೆ. ಓದು ಮುಗಿಸಿ ಹೋಗುವ ಹುಡುಗರ ಅಪ್ಪ ಅಮ್ಮಂದಿರನ್ನು ಕರೆದು ಹೂವು ಕೊಡುವ ದಿನ ಅದು. ಮೂರನೇ ಸಾಲಿನಲ್ಲಿ ಯಾರೂ ಜರುಗಿ ಜಾಗ ಕೊಡಲಿಲ್ಲ. ಅವನೂ ಕೇಳಲಿಲ್ಲ. ಕ್ಲಾರಿಸ್ ಜೊತೆ ಮೆಟ್ಟಿಲು ಹತ್ತಿ, ಮೂಲೆಯಲ್ಲಿ, ಹೊರ ಊರಿನವರು ಕೂರುವ ಕಡೆ ಹೋಗಿ ಕೂತ. ಆ ದಿನ ನನ್ನ ಪಾಳಿಯನ್ನು ಇನ್ನೊಬ್ಬ ನೋಡಿಕೊಳ್ಳುತ್ತಿದ್ದ. ನಾನೂ ಮೇಲೆ ಹೋದೆ. ಎಲ್ಡನ್ ನನ್ನನ್ನು ನೋಡಿ ತಲೆಯಾಡಿಸಿದ. ಕ್ಷಮಿಸಿದನೋ, ಬರೀ ಗುರುತಿಸಿದನೋ ಗೊತ್ತಾಗಲಿಲ್ಲ.

ಅವನ ಆ ಪಕ್ಕದಲ್ಲಿ ಭುಜ ಅಗಲದ, ಕೆಂಪು ಕೆನ್ನೆಯ ಹೆಂಗಸೊಬ್ಬಳು ಕೂತಿದ್ದಳು. ಲುಂಡ್‌ಕ್ವಿಸ್ಟ್‌ನ ಅಮ್ಮ. ಹಸುಗಳನ್ನು ಗಂಡನಿಗೆ ಒಪ್ಪಿಸಿ ಒಬ್ಬಳೇ ಮಿನೆಸೋಟಾದಿಂದ ಕಾರು ಓಡಿಸಿಕೊಂಡು ಬಂದಿದ್ದಳು. ಅದು ಗೊತ್ತಾಗಿ ಎಲ್ಡನ್ ಮುದುಡಿಕೊಂಡ. ತಾನು ಯಾರೆಂದು ಹೇಳಲಿಲ್ಲ.

ಆಟ ಶುರುವಾಯಿತು. ಲುಂಡ್‌ಕ್ವಿಸ್ಟ್‌ಗೆ ಎರಡು ಫ್ರೀ ಥ್ರೋ ಸಿಕ್ಕವು. ಮೊದಲನೆಯದು ಬುಟ್ಟಿಯನ್ನೂ ಮುಟ್ಟದೆ ಕೆಳಗೆ ಬಿತ್ತು. ಎಲ್ಡನ್ ತುಟಿ ಬಿಗಿಹಿಡಿದ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಮಂಡಿ ಬಗ್ಗಿಸೋ, ಕಂಬ!" ಎಂದು ಪಕ್ಕದಲ್ಲಿ ಸಿಡಿಲು ಬಿದ್ದ ಹಾಗಾಯಿತು. ಆ ತಾಯಿ ಎದ್ದು ನಿಂತಿದ್ದಳು. "ಅದೇನು ಸಗಣಿ ಎತ್ತಿ ಹಾಕ್ತಿದೀಯೇನೋ? ಹಸೂನೂ ಇದಕ್ಕಿಂತ ಚೆನ್ನಾಗಿ ಎಸೆಯುತ್ತೆ!"

ಎಲ್ಡನ್ ಬೆಚ್ಚಿಬಿದ್ದ. ತನಗೇ ಗೊತ್ತಿಲ್ಲದಂತೆ ಅವಳ ಮೊಣಕೈ ಹಿಡಿದು ಪಿಸುಗುಟ್ಟಿದ, "ಅಮ್ಮಾ, ಸಮಾಧಾನ. ಹುಡುಗ ಇನ್ನೂ ಚಿಕ್ಕೋನು."

ಅವಳು ಕೈ ಕೊಡವಿ ಮೇಲಿನಿಂದ ಕೆಳಗೆ ನೋಡಿದಳು. "ನೀವು ಯಾರ್ರೀ? ಆಟ ಗೊತ್ತಾ ನಿಮಗೆ?"

ಎಲ್ಡನ್ ಟೈ ಸರಿಮಾಡಿಕೊಂಡ. "ನೋಡ್ತಾ ಬಂದಿದೀನಿ" ಅಂದ.

"ನೋಡಿದ್ರೆ ಹೇಳಿ ಮತ್ತೆ, ಅವನು ಮಂಡಿ ಬಗ್ಗಿಸ್ತಿದಾನಾ?"

ಎಲ್ಡನ್ ಅಂಗಳದ ಕಡೆ ನೋಡಿದ. ಆ ಬಾರಿ ನಿಜಕ್ಕೂ ನೋಡಿದ ಅನ್ನಿಸುತ್ತದೆ, ಎರಡನೇ ಎಸೆತ ಮುಗಿಯುವವರೆಗೆ ರೆಪ್ಪೆ ಬಡಿಯಲಿಲ್ಲ. ಅದೂ ಬುಟ್ಟಿಗೆ ಬೀಳಲಿಲ್ಲ. "ಇಲ್ಲ" ಅಂದ. "ಬಗ್ಗಿಸ್ತಿಲ್ಲ. ಮೊಣಕೈನೂ ಹೊರಗೆ ಹೋಗ್ತಿದೆ."

"ಮತ್ತೆ! ಹೇಳ್ರೀ ಅವನಿಗೆ!"

ಕ್ಲಾರಿಸ್ ಉಲ್ಲನ್ ಉಂಡೆ ತೆಗೆದಳು. ಎಲ್ಡನ್ ಎದ್ದು ನಿಂತ. ಆಮೇಲೆ ಕೊನೆಯ ಸೀಟಿಯವರೆಗೆ ಇಬ್ಬರೂ ಕೂರಲಿಲ್ಲ. ರೆಫರಿಯ ಕಣ್ಣು, ರೆಫರಿಯ ತಾಯಿ, ಎದುರಾಳಿಗಳ ಕಾಲು, ನಮ್ಮವರ ತಲೆ, ಯಾವುದನ್ನೂ ಬಿಡಲಿಲ್ಲ. ಕೆಳಗೆ ಮೂರನೇ ಸಾಲಿನವರು ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ವಿಲ್ಬರ್‌ನ ಮುಖದಲ್ಲಿ ಹೊಟ್ಟೆಕಿಚ್ಚು ನನಗೆ ಅಲ್ಲಿಂದಲೇ ಕಂಡಿತು.

ಆಟ ಮುಗಿದ ಮೇಲೆ ಲುಂಡ್‌ಕ್ವಿಸ್ಟ್ ಕೈಯಲ್ಲಿ ಹೂವು ಹಿಡಿದು ಅಮ್ಮನನ್ನು ಹುಡುಕಿಕೊಂಡು ಮೇಲೆ ಬಂದ. ಅವಳು ಎಲ್ಡನ್‌ನನ್ನು ಮುಂದಕ್ಕೆ ತಳ್ಳಿದಳು. "ಇವರ ಪರಿಚಯ ಮಾಡ್ಕೋ. ಆಟ ಗೊತ್ತಿರೋರು. ನಿಮ್ಮ ಕೋಚ್‌ಗಿಂತ ವಾಸಿ."

ಲುಂಡ್‌ಕ್ವಿಸ್ಟ್ ಎಲ್ಡನ್‌ನನ್ನು ನೋಡಿದ. ಎಲ್ಡನ್ ತನ್ನ ಬೂಟು ನೋಡಿಕೊಂಡ.

"ಗೊತ್ತಮ್ಮ" ಅಂದ ಹುಡುಗ. "ಒಂದು ಪಂದ್ಯಕ್ಕೆ ಇವರೇ ಕೋಚ್ ಆಗಿದ್ರು."

"ಹೌದಾ! ಏನಾಯ್ತು?"

"ಆ ರಾತ್ರಿ ನಾವೆಲ್ಲ ಇವರು ಹೇಳಿದ ಮಾತು ಕೇಳಿದ್ವಿ" ಅಂದ ಲುಂಡ್‌ಕ್ವಿಸ್ಟ್, ನಗದೆ, ಗೌರವವಾಗಿಯೇ. ಅಷ್ಟು ಹೇಳಿ ಅಮ್ಮನ ಚೀಲ ಹೆಗಲಿಗೆ ಹಾಕಿಕೊಂಡು ಕೆಳಗಿಳಿದ.

ಎಲ್ಡನ್ ಈಗಲೂ ಆ ಮೂಲೆಯಲ್ಲೇ ಕೂರುತ್ತಾನೆ. ಪ್ರತಿ ಪಂದ್ಯಕ್ಕೂ ಬೇರೆ ಬೇರೆ ಊರಿನ ಅಪ್ಪ ಅಮ್ಮಂದಿರು ಪಕ್ಕಕ್ಕೆ ಬರುತ್ತಾರೆ, ಅವನ ಹೆಸರೂ ಗೊತ್ತಿಲ್ಲದವರು. ಮೊದಲು ಅವರು ಕೂಗುವುದನ್ನು ಕೇಳಿಸಿಕೊಳ್ಳುತ್ತಾನೆ, ಆಮೇಲೆ ತಾನು ಕೂಗುತ್ತಾನೆ. ಮಾತು ನಾಲ್ಕಿದ್ದದ್ದು ಈಗ ಏಳೆಂಟಾಗಿವೆ. ಎರಡು ಮಿನೆಸೋಟಾದವು, ಪತ್ರಿಕೆಯಲ್ಲಿ ಅಚ್ಚು ಹಾಕುವಂಥವಲ್ಲ.